ಐದು ವರ್ಷದ ಹಾಳೆ ಮತ್ತು ಬೇರೆಯವರ ತಾರೀಖು

ನಮ್ಮ ಕಡೆಯ ಹುಡುಗರಿಗೆ ಗುರಿಯೇ ಇಲ್ಲ ಅಂತ ಒಂದು ಮಾತಿದೆ. ಕಾಲೇಜಿಗೆ ಬರುವ ಅತಿಥಿಗಳು ಇದನ್ನು ಹೇಳದೆ ಮೈಕ್ ಬಿಡುವುದಿಲ್ಲ. ರಾಯಚೂರು, ಕೊಪ್ಪಳ ಅಂದಕೂಡಲೇ 'ಹಿಂದುಳಿದ ಭಾಗ' ಅನ್ನುವುದು, ಆಮೇಲೆ ಹಿಂದುಳಿಯಲು ಕಾರಣ ಇಲ್ಲಿನ ಮಕ್ಕಳು ದೊಡ್ಡದಾಗಿ ಯೋಚಿಸದೇ ಇರುವುದು ಅನ್ನುವುದು, ಕೊನೆಗೆ ಒಂದು ಚಪ್ಪಾಳೆ. ಸಿಂಧನೂರಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಕಾಮರ್ಸ್ ಹೇಳಿಕೊಡುವ ನನಗೆ ಈ ಮಾತು ಪೂರ್ತಿ ಉಲ್ಟಾ ಅನ್ನಿಸುತ್ತದೆ. ಗುರಿಗೇನೂ ಬರ ಇಲ್ಲ. ಬೇಕಾದ್ದಕ್ಕಿಂತ ಜಾಸ್ತಿಯೇ ಇವೆ.

ಕೊನೆಯ ವರ್ಷದ ಬಿಕಾಂ ಮಕ್ಕಳಿಗೆ ಪ್ರತಿ ವರ್ಷ ಒಂದು ಹಾಳೆ ಕೊಡುತ್ತೇನೆ. ಮುಂದಿನ ಐದು ವರ್ಷದಲ್ಲಿ ಏನು ಮಾಡಬೇಕು ಅಂದುಕೊಂಡಿದ್ದೀರಿ, ಹೇಗೆ ಮಾಡುತ್ತೀರಿ, ಬರೆಯಿರಿ ಅಂತ. ಅಂಕ ಇಲ್ಲ, ಹೆಸರು ಹಾಕಲೇಬೇಕು ಅಂತಿಲ್ಲ. ಆದರೂ ಬರೆಯುತ್ತಾರೆ, ಪರೀಕ್ಷೆಗಿಂತ ಚೆನ್ನಾಗಿಯೇ ಬರೆಯುತ್ತಾರೆ. ಪಿಎಸ್‌ಐ, ಪಿಡಿಒ, ಎಫ್‌ಡಿಎ, ಬ್ಯಾಂಕ್, ಅಲ್ಲೊಬ್ಬ ಇಲ್ಲೊಬ್ಬ ಸಿಎ. ತಂಗಿ ಮದುವೆ, ಅಪ್ಪನ ಸಾಲ, ಆರ್‌ಸಿಸಿ ಮನೆ. ಎಲ್ಲದಕ್ಕೂ ಇಸವಿ ಹಾಕಿರುತ್ತಾರೆ. ಒಂದು ವರ್ಷ ಕೆಲಸ, ಮರುವರ್ಷ ಮನೆ, ಅದರ ಮರುವರ್ಷ ಮದುವೆ. ಓದುತ್ತಾ ಹೋದರೆ ಖುಷಿಯಾಗುತ್ತದೆ. ಅದೇ ಹೊತ್ತಿಗೆ ಏನೋ ಚುಚ್ಚುತ್ತದೆ.

ಏನು ಚುಚ್ಚುತ್ತದೆ ಅಂತ ಸ್ಪಷ್ಟವಾಗಲು ಸುಮಾರು ಕಾಲ ಬೇಕಾಯಿತು. ಆ ಹಾಳೆಯಲ್ಲಿರುವ ತಾರೀಖುಗಳೆಲ್ಲ ಬರೆದವರದೇ. ಬೇರೆಯವರ ತಾರೀಖು ಒಂದೂ ಇರುವುದಿಲ್ಲ. ನೇಮಕಾತಿ ಅಧಿಸೂಚನೆ ಯಾವಾಗ ಬರುತ್ತದೆ, ತುಂಗಭದ್ರಾ ಎಡದಂಡೆ ನಾಲೆಗೆ ನೀರು ಎಂದು ಬಿಡುತ್ತಾರೆ, ಅಣ್ಣ ಯಾವಾಗ ಬೇರೆಯಾಗುತ್ತಾನೆ, ಗಂಡಿನ ಕಡೆಯವರು ಯಾವಾಗ ಬರುತ್ತಾರೆ. ಇವರ ದಿನಗಳು ನಡೆಯುವುದೇ ಇಂಥ ತಾರೀಖುಗಳ ಮೇಲೆ. ಆದರೆ ಗುರಿ ಬರೆಯಿರಿ ಅಂದಕೂಡಲೇ ಇವೆಲ್ಲ ಹಾಳೆಯಿಂದ ಹೊರಗೆ ಹೋಗಿಬಿಡುತ್ತವೆ. ಗುರಿ ಅಂದರೆ ಒಬ್ಬರೇ ಕೂತು, ಒಬ್ಬರೇ ನಿರ್ಧರಿಸಿ, ಒಬ್ಬರೇ ಮುಟ್ಟುವ ವಸ್ತು ಅಂತ ಯಾರೋ ಇವರಿಗೆ ಹೇಳಿಕೊಟ್ಟಿದ್ದಾರೆ.

ಶೇಕಡ 3ರ ಕತೆ

ಯಾರು ಹೇಳಿಕೊಟ್ಟರು ಅನ್ನುವುದಕ್ಕೆ ಒಂದು ಉದಾಹರಣೆ ಇದೆ. ನೀವೂ ಕೇಳಿರುತ್ತೀರಿ. 1953ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಪದವಿ ಮುಗಿಸುವವರನ್ನು ಕೇಳಿದರಂತೆ: ನಿಮ್ಮ ಗುರಿಯನ್ನು ಬರೆದಿಟ್ಟುಕೊಂಡಿದ್ದೀರಾ? ಶೇಕಡ 3 ಜನ ಮಾತ್ರ ಹೌದು ಅಂದರಂತೆ. 20 ವರ್ಷದ ನಂತರ ನೋಡಿದರೆ ಆ 3 ಜನರ ಆಸ್ತಿ ಉಳಿದ 97 ಜನರ ಒಟ್ಟು ಆಸ್ತಿಗಿಂತ ಹೆಚ್ಚಿತ್ತಂತೆ. ಸಭಾಂಗಣದಲ್ಲಿ ಇದನ್ನು ಹೇಳಿದಾಗ ಹಿಂದಿನ ಬೆಂಚಿನವರೂ ಫೋನ್ ಕೆಳಗಿಟ್ಟು ಕೇಳುತ್ತಾರೆ.

ಆ ಅಧ್ಯಯನ ನಡೆದೇ ಇಲ್ಲ. 1996ರಲ್ಲಿ ಅಮೆರಿಕದ ಫಾಸ್ಟ್ ಕಂಪನಿ ಅನ್ನುವ ಪತ್ರಿಕೆ ಇದರ ಬೆನ್ನು ಹತ್ತಿ ಹೋಯಿತು. ಯೇಲ್‌ನವರೇ ಅಂಥದ್ದೊಂದು ನಮ್ಮಲ್ಲಿ ಆಗಿಲ್ಲ ಅಂದರು. ಇದೇ ಕತೆ ಹಾರ್ವರ್ಡ್ ಹೆಸರಿನಲ್ಲೂ ಓಡಾಡುತ್ತದೆ, ಇಸವಿ ಮಾತ್ರ ಬೇರೆ. ಸುಳ್ಳಾದರೂ ಸಾಯುವುದಿಲ್ಲ, ಯಾಕೆಂದರೆ ಎಲ್ಲರಿಗೂ ಅನುಕೂಲವಾದ ಕತೆ ಇದು. ಗೆದ್ದವನು ಬರೆದಿಟ್ಟಿದ್ದ, ಸೋತವನು ಬರೆದಿಡಲಿಲ್ಲ. ಅಷ್ಟೇ. ಮಧ್ಯೆ ಬರ ಬಂತಾ, ಪರೀಕ್ಷೆ ಮುಂದಕ್ಕೆ ಹೋಯಿತಾ ಅಂತ ಯಾರೂ ಕೇಳಬೇಕಾಗಿಲ್ಲ.

ಹಾಗಂತ ಗುರಿಯ ಬಗ್ಗೆ ನಡೆದ ಸಂಶೋಧನೆಯೆಲ್ಲ ಕಟ್ಟುಕತೆ ಅಲ್ಲ. ಕೆನಡಾದಲ್ಲಿ ಕೆಲವು ವಿದ್ಯಾರ್ಥಿಗಳಿಗೆ, ನಿಮ್ಮ ಪ್ರಬಂಧ ಮುಗಿಸಲು ಎಷ್ಟು ದಿನ ಬೇಕು ಅಂತ ಕೇಳಿದರು. 1994ರಲ್ಲಿ ಪ್ರಕಟವಾದ ಅಧ್ಯಯನ ಇದು. ಅವರು ಹೇಳಿದ್ದು ಸರಾಸರಿ 34 ದಿನ. ಎಲ್ಲವೂ ಕೆಟ್ಟರೆ ಎಷ್ಟು ಬೇಕು ಅಂದಾಗ 49 ದಿನ ಅಂದರು. ನಿಜವಾಗಿ ಹಿಡಿದದ್ದು 55ಕ್ಕೂ ಮೇಲೆ. ನನಗೆ ಇದರಲ್ಲಿ ತುಂಬಾ ಇಷ್ಟವಾಗುವುದು ಆ 49. ಎಲ್ಲವೂ ಕೆಡಲಿ ಅಂತ ಅಂದುಕೊಂಡು ಹಾಕಿದ ಲೆಕ್ಕವೂ ಸಾಲಲಿಲ್ಲ ಅಲ್ವಾ? ನಮ್ಮ ಮಕ್ಕಳು 'ಒಂದು ವರ್ಷ ಕೋಚಿಂಗ್, ಆಮೇಲೆ ಕೆಲಸ' ಅಂತ ಬರೆದಾಗ ನನಗೆ ನೆನಪಾಗುವುದು ಇದೇ. ಪ್ರಬಂಧಕ್ಕಾದರೆ ಬರೆಯುವವರೊಬ್ಬರೇ. ಇಲ್ಲಿ ಧಾರವಾಡದ ರೂಮ್ ಬಾಡಿಗೆಯಿಂದ ಹಿಡಿದು ಕೋರ್ಟ್ ತಡೆಯಾಜ್ಞೆಯವರೆಗೆ ಎಷ್ಟು ಜನರ ಕೈ ಇರುತ್ತದೆ!

ಗೇಟು ಕಿತ್ತುಹೋದ ಮರುದಿನ

ನನ್ನ ತವರು ಕಾರಟಗಿ ಹತ್ತಿರ. ಅಣ್ಣ ಸ್ವಂತದ್ದು ಸ್ವಲ್ಪ, ಲೀಸಿಗೆ ಸ್ವಲ್ಪ ಅಂತ ಭತ್ತ ಮಾಡುತ್ತಾನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕಿತ್ತುಹೋಯಿತಲ್ಲ, ಮರುದಿನ ಭಾನುವಾರ ನಾನು ಅಲ್ಲೇ ಇದ್ದೆ. ಅದರ ಹಿಂದಿನ ವರ್ಷ ಬರ. ಈ ವರ್ಷ ಡ್ಯಾಂ ತುಂಬಿದೆ ಅಂತ ಊರಿಗೆ ಊರೇ ನಾಟಿಗೆ ಇಳಿದಿತ್ತು. 33 ಗೇಟುಗಳಲ್ಲಿ ಒಂದು ಹೋದರೆ ಏನಾಗುತ್ತದೆ ಅಂತ ಮೊದಲಿಗೆ ಯಾರಿಗೂ ಹೊಳೆಯಲಿಲ್ಲ. ಮುರಿದ ಗೇಟು ಸರಿಮಾಡಬೇಕಾದರೆ ಮೊದಲು ನೀರು ಖಾಲಿ ಮಾಡಬೇಕು, ಅದಕ್ಕೆ ಉಳಿದ ಗೇಟುಗಳನ್ನೂ ತೆಗೆದು ಹೊಳೆಗೆ ಬಿಡುತ್ತಿದ್ದಾರೆ ಅಂತ ಗೊತ್ತಾದಾಗ ಮನೆಯಲ್ಲಿ ಮಾತು ನಿಂತಿತು.

ಅಣ್ಣನ ಫೋನಿನಲ್ಲಿ ವಿಡಿಯೋ ಮೇಲೆ ವಿಡಿಯೋ. ನೋಡುತ್ತಾನೆ, ಮುಂದಿನವರಿಗೆ ಕಳಿಸುತ್ತಾನೆ, ಮತ್ತೆ ನೋಡುತ್ತಾನೆ. ಅತ್ತಿಗೆ ಮಾತ್ರ ಗೋಡೆಯಲ್ಲಿದ್ದ ರೈಸ್ ಮಿಲ್ ಕ್ಯಾಲೆಂಡರ್ ಕೆಳಗಿಳಿಸಿಕೊಂಡು ನೆಲದ ಮೇಲೆ ಹಾಸಿ ಕೂತಳು. ಕೈಯಲ್ಲಿ ಮಗಳ ಪೆನ್ಸಿಲ್. ಹಚ್ಚಿದ ಹೊಲ ಎಷ್ಟು, ಹಚ್ಚದೇ ಇರುವುದು ಎಷ್ಟು ಅಂತ ಕೇಳಿದಳು. ಲೀಸಿನ ಎರಡು ಎಕರೆಗೆ ಸಸಿ ಮಡಿಯಲ್ಲೇ ಇತ್ತು, ಸೋಮವಾರ ಆಳು ಬರುವವರಿದ್ದರು.

'ನಾಳಿನ ಆಳು ಬ್ಯಾಡ ಅನ್ರಿ' ಅಂದಳು. 'ಎಂಟು ದಿನದಾಗ ಗೇಟ್ ಕೂತ್ರ ಹಚ್ಚೋಣು. ಸಸಿ ಅಷ್ಟು ದಿನ ತಡೀತಾವ. ಕೂಡಲಿಲ್ಲಂದ್ರ ಆ ಎಡ್ಡು ಎಕರೆ ಜ್ವಾಳಕ್ಕ ಬಿಡೋಣು. ಹಚ್ಚಿದ್ದು ಮಾತ್ರ ಬೋರಿನ ನೀರಾಗ ಉಳಿಸ್ಕೊಳ್ಳೋಣು.'

ಅಣ್ಣ ಸಿಟ್ಟಿಗೆದ್ದ. ದೇವರ ಮೇಲೆ ಭಾರ ಹಾಕಬೇಕಾದ ಹೊತ್ತಿನಲ್ಲಿ ಇವಳದೇನು ಲೆಕ್ಕ ಅಂತ. ಆದರೆ ಫೋನ್ ಮಾಡಿ ಆಳು ಬೇಡ ಅಂದ. ಅತ್ತಿಗೆ ಕ್ಯಾಲೆಂಡರಿನಲ್ಲಿ ಮುಂದಿನ ಸೋಮವಾರಕ್ಕೆ ಒಂದು ಸುತ್ತು ಹಾಕಿ ಮತ್ತೆ ಮೊಳೆಗೆ ಸಿಕ್ಕಿಸಿದಳು. ಆಮೇಲೆ ಮಂಡಾಳ ಒಗ್ಗರಣೆಗೆ ಈರುಳ್ಳಿ ಹೆಚ್ಚಲು ಹೋದಳು. ಅವಳಿಗೆ ಆವತ್ತಿನ ಕೆಲಸ ಮುಗಿದಿತ್ತು. ಅಣ್ಣನಿಗೆ ರಾತ್ರಿಯವರೆಗೂ ಮುಗಿಯಲಿಲ್ಲ.

ಮುಂದಿನದು ನಿಮಗೆ ಗೊತ್ತು. ಗೇಟು ತಜ್ಞ ಕನ್ನಯ್ಯ ನಾಯ್ಡು ಮತ್ತು ಅವರ ಜೊತೆಗಿದ್ದವರು ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಅನ್ನುವ ತಾತ್ಕಾಲಿಕ ಅಡ್ಡತಡೆ ಇಳಿಸಿ ವಾರದೊಳಗೆ ನೀರು ನಿಲ್ಲಿಸಿದರು. ಮಳೆ ಮತ್ತೆ ಬಂದು ಡ್ಯಾಂ ಮತ್ತೆ ತುಂಬಿತು. ಎರಡು ಎಕರೆಯೂ ನಾಟಿಯಾಯಿತು, ಸ್ವಲ್ಪ ತಡವಾಗಿ. ಹಾಗಾಗಿ ಅತ್ತಿಗೆಯ ಲೆಕ್ಕ ಬೇಕಾಗಲಿಲ್ಲ ಅಂತ ಅಣ್ಣ ಇವತ್ತಿಗೂ ಹೇಳುತ್ತಾನೆ. ನನಗೆ ಹಾಗನ್ನಿಸುವುದಿಲ್ಲ. ಗೇಟು ಕೂರಿಸುವುದು ಅವಳ ಕೈಯಲ್ಲಿ ಇರಲಿಲ್ಲ. ಯಾವ ದಿನಕ್ಕೆ ಅದು ಗೊತ್ತಾಗುತ್ತದೆ, ಗೊತ್ತಾದ ದಿನ ತಾನು ಏನು ಮಾಡಬೇಕು ಅನ್ನುವುದಷ್ಟನ್ನೇ ಅವಳು ಮೊದಲೇ ಇಟ್ಟುಕೊಂಡಳು. ಒಂದು ವಾರ ನಿದ್ದೆ ಮಾಡಿದವಳು ಆ ಮನೆಯಲ್ಲಿ ಅವಳೊಬ್ಬಳೇ.

ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಸರ್ ಇಂಥದ್ದನ್ನೇ ಬಹಳ ವರ್ಷ ಅಧ್ಯಯನ ಮಾಡಿದ್ದಾರೆ. 'ಇದನ್ನು ಮಾಡುತ್ತೇನೆ' ಅನ್ನುವುದಕ್ಕಿಂತ 'ಹೀಗಾದಾಗ ಇದನ್ನು ಮಾಡುತ್ತೇನೆ' ಅಂತ ಇಟ್ಟುಕೊಂಡವರು ಜಾಸ್ತಿ ಮಾಡಿ ಮುಗಿಸುತ್ತಾರೆ ಅನ್ನುವುದು ಅವರು ಕಂಡದ್ದು. ಅವರ ಒಂದು ಪ್ರಯೋಗದಲ್ಲಿ ಕ್ರಿಸ್‌ಮಸ್ ರಜೆಯಲ್ಲಿ ಒಂದು ಸಣ್ಣ ವರದಿ ಬರೆದು ಕಳಿಸಬೇಕಿತ್ತು. ಎಲ್ಲಿ ಕೂತು, ಯಾವಾಗ ಬರೆಯುತ್ತೇವೆ ಅಂತ ಮೊದಲೇ ಗೊತ್ತುಮಾಡಿಕೊಂಡವರಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಜನ ಹೊತ್ತಿಗೆ ಸರಿಯಾಗಿ ಬರೆದರು. ಸುಮ್ನೆ ಬರೆಯುತ್ತೇವೆ ಅಂದವರಲ್ಲಿ ಮೂರರಲ್ಲಿ ಒಂದು ಪಾಲು. ಅತ್ತಿಗೆ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಗಾಲ್ವಿಟ್ಸರ್ ಗೊತ್ತಿಲ್ಲ. ನಾಲೆಗೆ ನೀರು ಬಿಡುವುದನ್ನು ತೀರ್ಮಾನಿಸುವ ನೀರಾವರಿ ಸಲಹಾ ಸಮಿತಿಯ ಸಭೆ ಯಾವತ್ತು ಅನ್ನುವುದು ಗೊತ್ತು.

ಅವಳ ಆ ಅಭ್ಯಾಸ ಮುಂದೆ ಕೆಲಸಕ್ಕೆ ಬಂತು. 2025ರಲ್ಲಿ ಡ್ಯಾಂನಲ್ಲಿ 80 ಟಿಎಂಸಿಗಿಂತ ಹೆಚ್ಚು ನಿಲ್ಲಿಸುವುದಿಲ್ಲ ಅಂದರು. ಗೇಟು ಬದಲಿಸುವ ಕೆಲಸ ಇದೆ, ಎರಡನೇ ಬೆಳೆಗೆ ನೀರಿಲ್ಲ ಅಂತಲೂ ತೀರ್ಮಾನವಾಯಿತು. ಊರಿನಲ್ಲಿ ಆಮೇಲೂ ಎಷ್ಟೋ ಜನ ಒತ್ತಡ ಹಾಕಿದರೆ ಬಿಡುತ್ತಾರೆ ಅಂತ ಕಾದರು. ನಮ್ಮ ಮನೆಯಲ್ಲಿ ಲೀಸಿನ ಹೊಲದ ಮಾತು ಸಭೆಗಿಂತ ಮುಂಚೆಯೇ ಮುಗಿದಿತ್ತು. ನೀರು ಅಂದರೆ ಇಟ್ಟುಕೊಳ್ಳುವುದು, ಇಲ್ಲ ಅಂದರೆ ಆವತ್ತೇ ಬಿಟ್ಟುಕೊಡುವುದು. ಬಿಟ್ಟುಕೊಟ್ಟರು. ನಷ್ಟ ಆಗಲೇ ಇಲ್ಲ ಅಂತಲ್ಲ, ಒಂದು ಬೆಳೆಯೇ ಹೋಯಿತು. ಆದರೆ ಬೆಳೆಯದ ಹೊಲಕ್ಕೆ ಚೀಲದ ಲೆಕ್ಕದಲ್ಲಿ ಬಾಡಿಗೆ ಕಟ್ಟುವುದು ತಪ್ಪಿತು.

ಪೆನ್ನು ಮತ್ತು ಪೆನ್ಸಿಲ್

ಹಾಳೆಗಳ ಮಾತಿಗೆ ಬರುತ್ತೇನೆ. ಒಂದು ಬ್ಯಾಚಿನಲ್ಲಿ ಮಾನ್ವಿ ಕಡೆಯ ಹುಡುಗಿಯೊಬ್ಬಳಿದ್ದಳು. ನಾಲೆಯ ಕೊನೆ ಭಾಗದ ಊರು. ಎಡದಂಡೆ ನಾಲೆ ಮಾಡಿದಾಗ ಬಹುಪಾಲು ಜಮೀನಿಗೆ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆ ಅಂತಲೇ ಯೋಜನೆ ಇತ್ತು. ನೀರು ಮೊದಲು ಸಿಗುವ ನಮ್ಮ ಕಡೆಯವರು ಭತ್ತಕ್ಕೆ ಇಳಿದೆವು. ಕೊನೆ ಭಾಗದವರು ಇವತ್ತಿಗೂ ನಾಲೆಯ ಗೇಜ್ (ನೀರಿನ ಮಟ್ಟ) ಏರುವುದನ್ನು ಕಾಯುತ್ತಾ, ರಸ್ತೆ ತಡೆ ಮಾಡುತ್ತಾ ಇದ್ದಾರೆ. ಕಾರಟಗಿಯವಳಾದ ನನಗೆ ಅವರ ಮುಂದೆ ಈ ವಿಷಯ ಎತ್ತಲು ಸ್ವಲ್ಪ ಮುಜುಗರ.

ಆ ಹುಡುಗಿಯ ಹಾಳೆಯಲ್ಲಿ ಒಂದು ಸಾಲು ಪೆನ್ನಿನಲ್ಲಿತ್ತು: ಮುಂದಿನ ವರ್ಷ ಮದುವೆ. ಅದರ ಕೆಳಗೆ ಪೆನ್ಸಿಲಿನಲ್ಲಿ, ಬೇಕಾದರೆ ಅಳಿಸಬಹುದು ಅನ್ನುವಷ್ಟು ತೆಳ್ಳಗೆ: ಎಂಕಾಂ. ಕ್ಲಾಸ್ ಮುಗಿದ ಮೇಲೆ ಕರೆದು ಕೇಳಿದೆ. ಅವಳು ನಕ್ಕಳು.

'ಬೆಳಿ ಬಂದ್ರ ಮದಿವಿ ಮೇಡಂ. ಬರ್ಲಿಲ್ಲಂದ್ರ ಎಂಕಾಂ.'

ಎಷ್ಟು ಸಲೀಸಾಗಿ ಹೇಳಿದಳು ಅಂದರೆ ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಫಸಲು ಚೆನ್ನಾಗಿ ಬಂದು ದರವೂ ಸಿಕ್ಕರೆ ಅಪ್ಪನ ಕೈಯಲ್ಲಿ ದುಡ್ಡು ಇರುತ್ತದೆ, ಮದುವೆ ಮುಗಿಸುತ್ತಾರೆ. ನೀರು ಬರದಿದ್ದರೆ ಮದುವೆ ಒಂದು ವರ್ಷ ಮುಂದೆ ಹೋಗುತ್ತದೆ, ಆ ಖಾಲಿ ವರ್ಷದಲ್ಲಿ ಅವಳ ಓದು. ಅಪ್ಪನ ನಷ್ಟದ ವರ್ಷವೇ ಮಗಳ ಓದಿನ ವರ್ಷ. ಇಂಥ ಮಗುವಿನ ಮುಂದೆ ನಿಂತು 'ದೊಡ್ಡ ಕನಸು ಕಾಣು' ಅಂತ ಹೇಳಲು ನನಗಂತೂ ಬಾಯಿ ಬರಲಿಲ್ಲ. ಅವಳಿಗೆ ಕನಸಿನ ಕೊರತೆ ಇರಲಿಲ್ಲ, ಯೋಜನೆಯ ಕೊರತೆಯೂ ಇರಲಿಲ್ಲ. ಪ್ರೋತ್ಸಾಹದ ಮಾತಿನ ಬದಲು ಇಬ್ಬರೂ ಕೂತು ಬೇರೆಯವರ ತಾರೀಖುಗಳನ್ನು ಒಂದರ ಕೆಳಗೆ ಒಂದು ಬರೆದೆವು. ಪದವಿ ಫಲಿತಾಂಶ. ಪಿಜಿ ಅರ್ಜಿ. ಪ್ರವೇಶ. ಮುಂಗಾರು ಭತ್ತದ ಕೊಯ್ಲು. ಮಾರಾಟ. ಮದುವೆ ಮಾತು.

ಬರೆದಾಗ ಕಂಡದ್ದು ಇಷ್ಟು: ಕೊಯ್ಲು ನವೆಂಬರ್ ಮೇಲೆ. ಪ್ರವೇಶ ಅದಕ್ಕಿಂತ ಮುಂಚೆ. ಬೆಳೆ ಬಂತೋ ಇಲ್ಲವೋ ಅಂತ ಅಪ್ಪನಿಗೆ ಗೊತ್ತಾಗುವ ಹೊತ್ತಿಗೆ ಅವಳು ರಾಯಚೂರು ವಿಶ್ವವಿದ್ಯಾಲಯದ ಯರಗೇರಾ ಕ್ಯಾಂಪಸ್ಸಿನಲ್ಲಿ ಸೀಟು ತೆಗೆದುಕೊಂಡು ಕೂತಿರಬಹುದು. ಮಹಿಳೆಯರಿಗೆ ಸರ್ಕಾರಿ ಬಸ್ಸು ಉಚಿತ ಆಗಿ 2023ರ ಜೂನ್‌ನಿಂದ ಓಡಾಟದ ಖರ್ಚಿನ ಮಾತೂ ಇಲ್ಲ. ಸೀಟಿಲ್ಲದ ಹುಡುಗಿಯ ಮದುವೆ ಮಾತೇ ಬೇರೆ, ಓದುತ್ತಿರುವ ಹುಡುಗಿಯ ಮದುವೆ ಮಾತೇ ಬೇರೆ. ಗಂಡಿನ ಕಡೆಯವರು 'ಓದಿಸ್ತೀವಿ' ಅಂತ ಒಂದು ಮಾತು ಕೊಡಬೇಕಾಗುತ್ತದೆ. ಕೊಟ್ಟ ಮಾತು ಉಳಿಸಿಕೊಳ್ಳುತ್ತಾರೆ ಅಂತ ಖಾತ್ರಿ ಏನಿಲ್ಲ. ಆದರೆ ಮಾತು ಕೊಡಲೇಬೇಕಾದ ಜಾಗಕ್ಕೆ ಅವರು ಬರುತ್ತಾರೆ.

ಅವಳು ಸೀಟು ತೆಗೆದುಕೊಂಡಳು. ಮದುವೆಯೂ ಆಯಿತು. ಎರಡನೇ ವರ್ಷದ ಪರೀಕ್ಷೆ ಬರೆದಳು ಅಂತ ಗೆಳತಿಯರ ಬಾಯಿಂದ ಕೇಳಿದ್ದೇನೆ. ಆಮೇಲೆ ಏನಾಯಿತು ಅಂತ ತಿಳಿದಿಲ್ಲ, ಅವಳ ನಂಬರ್ ಬದಲಾಗಿದೆ.

ಬಿಡುವ ದಿನ

ಯಾರ ಹಾಳೆಯಲ್ಲೂ ಇಲ್ಲದ ಇನ್ನೊಂದು ತಾರೀಖಿದೆ. ಗುರಿಯನ್ನು ಕೈಬಿಡುವ ತಾರೀಖು. ಇದನ್ನು ಹೇಳಿದರೆ ಅಪಶಕುನ ಅನ್ನುವ ಹಾಗೆ ನೋಡುತ್ತಾರೆ. ಆದರೆ ನಮ್ಮ ಸುತ್ತ ನೋಡಿ. ಲೈಬ್ರರಿಯಲ್ಲಿ ಬೆಳಿಗ್ಗೆ ಬಂದು ಕೂತು ರಾತ್ರಿ ಎದ್ದುಹೋಗುವವರಲ್ಲಿ ತಲೆ ಬೆಳ್ಳಗಾಗುತ್ತಿರುವವರು ಎಷ್ಟು ಜನ! ಸಂವಿಧಾನದ 371 ಜೆ ವಿಧಿ ಬಂದ ಮೇಲೆ ನಮ್ಮ ಭಾಗದವರಿಗೆ ಹುದ್ದೆಗಳಲ್ಲಿ ಮೀಸಲು ಸಿಕ್ಕಿತು. ಒಳ್ಳೆಯದೇ ಆಯಿತು, ಎಷ್ಟೋ ಮನೆಗಳ ದೆಸೆ ಬದಲಾಯಿತು. ಜೊತೆಗೆ 'ಈ ಸಲ ಆಗಿಲ್ಲ, ಮುಂದಿನ ಸಲ ಆಗೇ ಆಗುತ್ತೆ' ಅನ್ನುವ ನಂಬಿಕೆಯೂ ಗಟ್ಟಿಯಾಯಿತು. ಅಧಿಸೂಚನೆ ತಡವಾಗುತ್ತದೆ, ಪರೀಕ್ಷೆ ಮತ್ತೆ ನಡೆಯುತ್ತದೆ. 545 ಪಿಎಸ್‌ಐ ಹುದ್ದೆಗಳಿಗೆ 2021ರಲ್ಲಿ ಬರೆದವರು ಅಕ್ರಮ ಹೊರಬಂದ ಮೇಲೆ 2024ರ ಜನವರಿಯಲ್ಲಿ ಮತ್ತೆ ಕೂತು ಬರೆಯಬೇಕಾಯಿತು. ಆ ನಡುವಿನ ಕಾಲದಲ್ಲಿ ಅವರ ಗುರಿ ಜೀವಂತ ಇತ್ತಾ, ಸತ್ತಿತ್ತಾ? ಅವರಿಗೇ ಗೊತ್ತಿರಲಿಲ್ಲ. ಬೇರೆ ಕೆಲಸ ಹಿಡಿಯುವ ಹಾಗಿಲ್ಲ, ಓದು ಬಿಡುವ ಹಾಗಿಲ್ಲ.

ಬಹಳ ಜನ ಯಾವಾಗ ಬಿಡುತ್ತಾರೆ ಅಂದರೆ ವಯೋಮಿತಿ ಮುಗಿದಾಗ. ಅಂದರೆ ಬಿಡುವ ತೀರ್ಮಾನವನ್ನೂ ಸರ್ಕಾರಕ್ಕೇ ಬಿಟ್ಟಿರುತ್ತಾರೆ. ಮಧ್ಯದಲ್ಲಿ ವಯೋಮಿತಿ ಸಡಿಲಿಕೆ ಬಂತು ಅಂದರೆ ಬಿಟ್ಟವರೂ ಮತ್ತೆ ಪುಸ್ತಕ ತೆಗೆಯುತ್ತಾರೆ. ಯಾರನ್ನೂ ಆಡಿಕೊಳ್ಳಲು ಇದನ್ನು ಹೇಳುತ್ತಿಲ್ಲ. ನನ್ನ ಕೆಲಸವೂ ಅಂಥದ್ದೇ. ಅತಿಥಿ ಉಪನ್ಯಾಸಕರಿಗೆ ವರ್ಷ ಅನ್ನುವುದು ಪೂರ್ತಿ ವರ್ಷ ಅಲ್ಲ. ಮುಂದಿನ ಸಾಲಿಗೆ ಇರುತ್ತೇವಾ, ಯಾವ ಊರಿನ ಕಾಲೇಜು, ಎಷ್ಟು ಗಂಟೆ ಕಾರ್ಯಭಾರ, ಎಲ್ಲ ಕೌನ್ಸೆಲಿಂಗ್ ಆದ ಮೇಲೆ. ಮಗನ ಶಾಲೆ ಫೀ ಕಂತು ಇದನ್ನೆಲ್ಲ ಕಾಯುವುದಿಲ್ಲ. ಉಪನ್ಯಾಸಕರ ಅರ್ಹತಾ ಪರೀಕ್ಷೆ ಕೆಸೆಟ್ ಆಗಿದೆ, ಪಿಎಚ್‌ಡಿ ನಡೆಯುತ್ತಿದೆ. ಅದು ಮುಗಿಯುವ ವರ್ಷಕ್ಕೆ ಒಂದು ಸುತ್ತು ಹಾಕಿ ಇಟ್ಟಿದ್ದೇನೆ. ಅಷ್ಟರಲ್ಲಿ ಕಾಯಂ ನೇಮಕಾತಿ ಕರೆದು ಅದರಲ್ಲಿ ಆಗದಿದ್ದರೆ ಜಿಎಸ್‌ಟಿ ಪ್ರಾಕ್ಟೀಸ್ ಕಡೆಗೆ ಹೋಗುವುದು. ಇಲ್ಲಿನ ರೈಸ್ ಮಿಲ್ಲು, ಗೊಬ್ಬರದ ಅಂಗಡಿ, ದಲಾಲಿ ಅಂಗಡಿಗಳಿಗೆ ಲೆಕ್ಕ ಬರೆಯುವವರು ಯಾವಾಗಲೂ ಬೇಕು. ಮನೆಯವರಿಗೆ ಇದನ್ನು ಹೇಳಿದಾಗ 'ಅಷ್ಟು ಓದಿ ಲೆಕ್ಕ ಬರೆಯೋದಾ' ಅಂದರು. ಹೌದು, ಬೇಸರ ಆಗುತ್ತದೆ. ಆ ಸುತ್ತು ಹಾಕುವಾಗಲೂ ಆಯಿತು. ಆದರೆ ಹಾಕಿದ ಮೇಲೆ ಪಿಎಚ್‌ಡಿ ಕೆಲಸ ಚುರುಕಾಯಿತು, ಇದು ಮಾತ್ರ ನಾನು ನಿರೀಕ್ಷಿಸಿರಲಿಲ್ಲ.

ಮೂರು ಕಾಲಂ

ಈ ವರ್ಷದಿಂದ ಹಾಳೆಯ ಪ್ರಶ್ನೆ ಬದಲಾಯಿಸಿದ್ದೇನೆ. ಮೂರು ಕಾಲಂ ಗೆರೆ ಹೊಡೆಸಿದೆ. ಏನು ಬೇಕು. ಅದರಲ್ಲಿ ಯಾವ ತೀರ್ಮಾನ ಬೇರೆಯವರ ಕೈಯಲ್ಲಿದೆ, ಯಾವ ತಿಂಗಳಿಗೆ ಗೊತ್ತಾಗುತ್ತದೆ. ಹೌದು ಅಂತಾದರೆ ಮರುದಿನ ಏನು, ಇಲ್ಲ ಅಂತಾದರೆ ಮರುದಿನ ಏನು. ಕ್ಲಾಸಿನಲ್ಲಿ ಗೊಣಗಾಟ ಶುರುವಾಯಿತು. ಎರಡನೇ ಕಾಲಂ ತುಂಬುತ್ತಾ ಹೋದ ಹಾಗೆ ಮುಖಗಳು ಸಣ್ಣಗಾದವು. ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತು, 'ಮೇಡಂ, ಹಿಂಗ್ ಬರ್ದ್ರ ಇದ್ದ ಹುರುಪೂ ಹೋಗ್ತದ್ರೀ' ಅಂದ.

ಅವನ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಎಡ್ವಿನ್ ಲಾಕ್, ಗ್ಯಾರಿ ಲೇಥಮ್ ಅನ್ನುವವರು ದಶಕಗಳ ಕಾಲ ಗುರಿಗಳ ಬಗ್ಗೆಯೇ ಕೆಲಸ ಮಾಡಿದವರು. ಕಷ್ಟದ, ಸ್ಪಷ್ಟವಾದ ಗುರಿ ಇಟ್ಟುಕೊಂಡವರು 'ಆದಷ್ಟು ಮಾಡೋಣ' ಅನ್ನುವವರಿಗಿಂತ ಹೆಚ್ಚು ಮಾಡುತ್ತಾರೆ ಅಂತಲೇ ಅವರೂ ತೋರಿಸಿದ್ದಾರೆ. ಹುರುಪಿಗೆ ಬೆಲೆ ಇದೆ. ನಾನು ಅವನಿಗೆ, ಮೊದಲನೇ ಕಾಲಂ ಚಿಕ್ಕದು ಮಾಡು ಅಂತ ಹೇಳಿಲ್ಲ, ಎಷ್ಟು ದೊಡ್ಡದು ಬೇಕೋ ಬರಿ, ಮೂರನೆಯದನ್ನು ಮಾತ್ರ ಖಾಲಿ ಬಿಡಬೇಡ ಅಂದೆ.

ಅವನು ಕೂತ. ಹಾಳೆ ತಿರುಗಿಸಿ ಹಿಂಬದಿಗೆ ಪೂರ್ತಿ ಪುಟದಷ್ಟು ದೊಡ್ಡದಾಗಿ 'ಡಿವೈಎಸ್‌ಪಿ' ಅಂತ ಬರೆದು ಕೆಳಗೆ ಎರಡು ಗೆರೆ ಎಳೆದ. ಪಕ್ಕದವನು ಎದ್ದು ಸೆಲ್ಯೂಟ್ ಹೊಡೆದ, ಕ್ಲಾಸೆಲ್ಲ ನಕ್ಕಿತು. ಆಮೇಲೆ ಮುಂಬದಿಗೆ ಬಂದು ತುಂಬಾ ಹೊತ್ತು ಯೋಚಿಸಿ ಮೂರನೇ ಕಾಲಂನಲ್ಲಿ, ಪ್ರಿಲಿಮ್ಸ್ ಆಗದಿದ್ದರೆ ಮಾಮನ ಜೊತೆ ಹಾರ್ವೆಸ್ಟರ್ ಓಡಿಸುವುದು, ಸೀಸನ್ ಮುಗಿದ ಮೇಲೆ ಮತ್ತೆ ಓದು ಅಂತ ಬರೆದ. ಹಾರ್ವೆಸ್ಟರಿಗೆ ಲೈಸೆನ್ಸ್ ಇದೆಯಾ ಅಂತ ಕೇಳಿದೆ. ಇಲ್ಲ ಅಂದ. ಅದರ ತಾರೀಖನ್ನೂ ಬರೆಸಿದೆ.